ಕಾಳಿ ಎರಡು

ಕಾಜುಬಾಗದ ನನ್ನ ಅಂಗಡಿಯ ಕಂಪ್ಯೂಟರಿಗೆ ಹನ್ನೊಂದು ವರ್ಷ.
ಹಾಡು ಕೇಳಲೆಂದು ತಂದದ್ದಲ್ಲ. ಅಫಿಡವಿಟ್ಟು,
ಖಾತೆ ಬದಲಾವಣೆಯ ಅರ್ಜಿ, ಮದುವೆ ಕರೆಯೋಲೆ,
ಒಮ್ಮೊಮ್ಮೆ ಕಳೆದುಹೋದ ನಾಯಿಯ ಚಿತ್ರ.
ಹೆಡ್‌ಫೋನ್ ಹಾಕಿ ಮೌಸ್ ಸರಿಸಿದರೆ
ಹೆಂಚಿನ ಮೇಲೆ ಏಡಿ ನಡೆದ ಸದ್ದು.
ಪ್ರಿಂಟರ್ ಎಚ್ಚರಾದರೆ ಢಬ್.
ಉಪ್ಪುಗಾಳಿಗೆ ಜ್ಯಾಕಿನ ತೂತು ಹಸಿರಾಗಿ
ಎಡಗಿವಿ ತನಗೆ ಮನಸ್ಸಾದಾಗ ಬರುತ್ತಿತ್ತು,
ನಮ್ಮ ಓಣಿಯ ನಲ್ಲಿಯ ಹಾಗೆ.

ನೌಕಾನೆಲೆಯ ಬಿಜೇಶ, ವರ್ಗದ ಕಾಗದ
ಝೆರಾಕ್ಸ್ ಮಾಡಿಸಲು ಬಂದವನು,
"ಇಷ್ಟು ಒಳ್ಳೆಯ ಹೆಡ್‌ಫೋನ್ ಇದಕ್ಕೆ ಚುಚ್ಚಿದ್ದೀರಾ?" ಎಂದ,
ಕುದುರೆಗೆ ಕೈಗಾಡಿ ಕಟ್ಟಿದವಳನ್ನು ನೋಡುವಂತೆ ನೋಡಿ.
ಮರುದಿನ ತಂದ: ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಪೆಟ್ಟಿಗೆ,
ಒಂದು ಗುಂಡಿ, ಒಂದು ನೀಲಿ ದೀಪ.
ವಿಶಾಖಪಟ್ಟಣಕ್ಕೆ ಹೊರಟವನಿಗೆ ಸಾಮಾನು ಕಡಿಮೆಯಾಗಬೇಕಿತ್ತು.
ಎರಡು ಸಾವಿರದ ಇನ್ನೂರು. ಚೌಕಾಸಿಗೆ ನೂರು ಬಿಟ್ಟ.
"ಒಳಗೆ ಗಲಾಟೆ ಜಾಸ್ತಿ. ಅಂಕಿಗಳನ್ನು
ಹೊರಗೆ ಕರೆದು ತಂದು ದನಿ ಮಾಡಬೇಕು."
ಅವನ ಕನ್ನಡಕ್ಕೆ ಅಷ್ಟೇ ಬರುತ್ತಿತ್ತು,
ನನಗೂ ಅಷ್ಟೇ ಸಾಕಾಯಿತು.
"ಮುಂದಿನ ತೂತು ಬೇಡ, ಹಿಂದಿನದಕ್ಕೆ ಹಾಕಿ.
ಕಂಪ್ಯೂಟರಿನ ವಾಲ್ಯೂಮ್ ಪೂರ್ತಿ ಬಿಡಿ,
ತಿರುಗಿಸುವುದು ಇಲ್ಲಿ ಮಾತ್ರ."

ರಾತ್ರಿ ಶಟರ್ ಅರ್ಧ ಇಳಿಸಿ ಕೂತೆ.
ಮೊದಲು ಕೇಳಿದ್ದು ಏನೂ ಇಲ್ಲದ್ದು.
ಮೌಸ್ ಸರಿಸಿದೆ, ಬೇಕೆಂದೇ, ಗೋಲಗೋಲ. ಏಡಿ ಇಲ್ಲ.
ಇಳಿತ ಮುಗಿದು ಭರತ ಶುರುವಾಗುವ ಮುನ್ನ
ಕೋಡಿಬಾಗದಲ್ಲಿ ಹೊಳೆ ಒಂದು ಗಳಿಗೆ
ಯಾವ ಕಡೆ ಹರಿಯಲಿ ಎಂದು ನಿಂತುಬಿಡುತ್ತದಲ್ಲ,
ಆ ಥರದ ಸುಮ್ಮನೆ.

ಅದರೊಳಗೆ ಪಂಢರಿ ಮಾಸ್ತರರನ್ನು ಬಿಟ್ಟೆ.
ಸದಾಶಿವಗಡದ ಅವರ ಜಗುಲಿ, ಆರು ವರ್ಷದ ಹಿಂದೆ,
ಕಾಲೇಜಿನಿಂದ ಕಡ ತಂದ ಎರಡು ಮೈಕಿನ ರೆಕಾರ್ಡರು,
ನೂರು ಸಲ ಕೇಳಿದ ಭೀಮಪಲಾಸಿ.
ನೂರರಲ್ಲೂ ಕೇಳದ್ದು ಈಗ:
ಸ್ವರಕ್ಕಿಂತ ಅರೆಗಳಿಗೆ ಮುಂಚೆ ತಿದಿ ಎಳೆದುಕೊಳ್ಳುವ ಉಸಿರು,
ಸಡಿಲಾದ ಬಿಳಿ ಮಣೆಯೊಂದರ ಟಕ್,
ದೂರದಲ್ಲಿ ತಾರ್ಲೆ ಮಾರುವವಳು.
ಮತ್ತೆ ಮೂರನೆಯ ನಿಮಿಷಕ್ಕೆ, ಬಲಗಿವಿಯ ತುದಿಯಲ್ಲಿ,
ಕಿಣಿ.

ಬೆಕ್ಕಿನ ಕೊರಳಿನದೆಂದುಕೊಂಡೆ.
ಅವರ ಮನೆಯಲ್ಲಿ ಬೆಕ್ಕಿರಲಿಲ್ಲ.
ಹಿಂದೆ ಸರಿಸಿ ಕೇಳಿದೆ. ತಾಳಕ್ಕಲ್ಲ, ತಾಳ ತಪ್ಪಿಯೂ ಅಲ್ಲ,
ತಾಳವೇ ಬೇಡವಾದವರ ಕಿಣಿಕಿಣಿ.
ಐದಕ್ಕೆ ಎರಡು ಸಲ. ಏಳಕ್ಕೆ ಬಿಡದೆ.

ಕತ್ತೆತ್ತಿದರೆ ಮೊಳೆಯಲ್ಲಿ
ನನ್ನ ಸ್ಕೂಟಿಯ ಬೀಗದಕೈ, ಅದರ ಹಿತ್ತಾಳೆ ಗೆಜ್ಜೆ.

"ಇನ್ನೊಂದು ಸಲ ಬಾರಿಸ್ತೆ, ಬಸ ಗೊ" ಎನ್ನುತ್ತಾರೆ ಕೊನೆಗೆ.
"ಬ್ಯಾಟರಿ ಮುಗೀತು ಮಾಸ್ತರ" ಎನ್ನುತ್ತೇನೆ.
ಅದು ಯಾವಾಗಲೂ ಕೇಳುತ್ತಿತ್ತು. ನಾನೇ ನಂಬಿಕೊಂಡಿದ್ದೆ.
ಬ್ಯಾಟರಿ ಮುಗಿಯಿತೆಂಬುದನ್ನು
ನಿಷ್ಠೆಯಿಂದ ಹಿಡಿದಿಟ್ಟ ಬ್ಯಾಟರಿ
ಆಮೇಲೂ ಹದಿನಾಲ್ಕು ಸೆಕೆಂಡು ಓಡಿದೆ:
ಗೆಜ್ಜೆ ಮೆಟ್ಟಿಲ ಕಡೆ ತಿರುಗಿದೆ,
ಮಾಸ್ತರರು ಒಂದೇ ಒಂದು ಮಣೆ ಒತ್ತಿ ಬಿಟ್ಟಿದ್ದಾರೆ,
ಆಮೇಲೆ ತಿದಿಯ ಕೊಂಡಿ. ಒಂದು. ಎರಡು.

ಆ ಸ್ವರ ರಾಗದ್ದಲ್ಲ.
ಅವರ ಷಡ್ಜ ಪಾಂಢರಿ ಎರಡು, ಇದು ಪಕ್ಕದ ಕಾಳಿ ಎರಡು.
ಬಿಳಿಯ ಮಣೆ ಪಾಂಢರಿ, ಕಪ್ಪಿನದು ಕಾಳಿ:
ಒಂದು ಮಾಸ್ತರರ ಹೆಸರಿನದು, ಒಂದು ನಮ್ಮ ಹೊಳೆಯದು
ಎಂದೇ ಚಿಕ್ಕವಳಿದ್ದಾಗ ತಿಳಿದಿದ್ದೆ.
ಎದ್ದು ಹೋಗಿ ಬೀಗದಕೈ ಅಲ್ಲಾಡಿಸಿದೆ.
ಕಾಳಿ ಎರಡು.

ನನಗೆ ಆರು ವರ್ಷವೂ ಎರಡು ಸಾವಿರದ ನೂರು ರೂಪಾಯಿಯೂ
ಬೇಕಾದದ್ದು ಅವರಿಗೆ ಅಂದೇ, ಬರಿಗಿವಿಗೆ ಕೇಳಿತ್ತು.
ಸಿಟ್ಟಾಗಲಿಲ್ಲ. ಶ್ರುತಿ ನೋಡಿದರು, ಅಷ್ಟೆ.

ಅವರ ಎಡಗೈ ಈಗ ತಿದಿ ಹಿಡಿಯುವುದಿಲ್ಲವಂತೆ.
ಭಾನುವಾರ ಸೇತುವೆ ದಾಟಬೇಕು.
ಪೆಟ್ಟಿಗೆ ಒಯ್ಯಲೋ ಬೇಡವೋ ಗೊತ್ತಿಲ್ಲ.
ಗೆಜ್ಜೆಯನ್ನಾದರೂ ಬಿಚ್ಚಿಡೋಣವೆಂದು ನೋಡಿದೆ.
ಉಪ್ಪುಗಾಳಿಗೆ ಅದರ ಬಳೆಯೂ
ಹಸಿರಾಗಿ ಕಚ್ಚಿಕೊಂಡಿದೆ.